ಹೊರಬಾಗಿಲ ಮೇಲೊಂದು ಕಣ್ಣು: ಜಾಲದಲ್ಲಿ ಕದ್ದು ಸಾಗುವ ಡೇಟಾ

ಕಳೆದ ಬಾರಿ ಈ ಅಂಕಣದಲ್ಲಿ ಫೈರ್‌ವಾಲ್ ಕುರಿತು ಉತ್ತರಿಸಿದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕೇಳಿವೆ. ಹೊರಗಿನಿಂದ ನುಗ್ಗುವವರನ್ನು ತಡೆಯುವ ಮಾತಾಯಿತು. ಈಗಾಗಲೇ ಒಳಗೆ ಸೇರಿಕೊಂಡಿರುವ ಕುತಂತ್ರಾಂಶವು ಡೇಟಾವನ್ನು ಸದ್ದಿಲ್ಲದೆ ಹೊರಗೆ ಸಾಗಿಸುತ್ತಿದ್ದರೆ ಅದನ್ನು ಪತ್ತೆಹಚ್ಚುವುದು ಹೇಗೆ ಎಂಬುದು ಆ ಪತ್ರಗಳ ಸಾರ. ಅವುಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಫೈರ್‌ವಾಲ್ ಇದೆ, ಆಂಟಿವೈರಸ್ ಇದೆ. ಇಷ್ಟಿದ್ದರೂ ಕಡತಗಳು ಯಾರ ಗಮನಕ್ಕೂ ಬಾರದೆ ಹೊರಗೆ ಹೋಗುವುದು ಸಾಧ್ಯವೇ?

ಉತ್ತರ: ಸಾಧ್ಯ. ಫೈರ್‌ವಾಲ್ ಸಾಮಾನ್ಯವಾಗಿ ಹೊರಗಿನಿಂದ ಆರಂಭವಾಗುವ ಸಂಪರ್ಕವನ್ನು ಅನುಮಾನಿಸುತ್ತದೆ. ಒಳಗಿನ ಕಂಪ್ಯೂಟರೇ ಮುಂದಾಗಿ ಹೊರಗಿನ ಸರ್ವರನ್ನು ಮಾತಾಡಿಸಿದರೆ, ಅದರಲ್ಲೂ ಸುರಕ್ಷಿತ ವೆಬ್‌ಗೆ ಬಳಕೆಯಾಗುವ 443ನೇ ಪೋರ್ಟ್ ಎಂಬ ಬಾಗಿಲಿನ ಮೂಲಕ ಮಾತಾಡಿಸಿದರೆ, ಅದನ್ನು ನೌಕರರ ದಿನನಿತ್ಯದ ಕೆಲಸವೆಂದೇ ತಿಳಿದು ಬಿಟ್ಟುಬಿಡುತ್ತದೆ. ಕುತಂತ್ರಾಂಶ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತಿರುವುದರಿಂದ ಅವರು ಗೋಡೆ ಒಡೆಯುವ ಗೋಜಿಗೆ ಹೋಗದೆ, ತೆರೆದೇ ಇರುವ ಬಾಗಿಲಿನಿಂದ ಎಲ್ಲರ ಜೊತೆ ಹೊರನಡೆಯುವ ದಾರಿಯನ್ನು ಆರಿಸಿಕೊಳ್ಳುತ್ತಾರೆ.

ಇದರ ಹಿಂದಿನ ವಿಚಾರ ಇಂಟರ್‌ನೆಟ್ಟಿಗಿಂತ ಹಳೆಯದು. ಕಂಪ್ಯೂಟರ್ ವಿಜ್ಞಾನಿ ಬಟ್ಲರ್ ಲ್ಯಾಂಪ್ಸನ್ 1973ರಲ್ಲಿ ಬರೆದ ಪುಟ್ಟ ಪ್ರಬಂಧವೊಂದರಲ್ಲಿ, ಒಂದು ಪ್ರೋಗ್ರಾಮನ್ನು ಎಷ್ಟೇ ಬಿಗಿಯಾಗಿ ಕೂಡಿಹಾಕಿದರೂ ಅದು ಮಾಹಿತಿ ಸಾಗಣೆಗೆಂದು ಯಾರೂ ಉದ್ದೇಶಿಸದ ದಾರಿಗಳಿಂದ ಗುಟ್ಟನ್ನು ಹೊರಗೆ ದಾಟಿಸಬಲ್ಲದು ಎಂದು ತೋರಿಸಿ, ಅಂಥ ದಾರಿಗಳಿಗೆ ಗುಪ್ತ ವಾಹಿನಿ ಎಂಬ ಹೆಸರಿಟ್ಟರು. ಪ್ರೋಗ್ರಾಂ ಬೇಕೆಂದೇ ಯಂತ್ರದ ಮೇಲಿನ ಹೊರೆಯನ್ನು ಏರಿಸುತ್ತ ಇಳಿಸುತ್ತ ಹೋದರೆ, ಆ ಏರಿಳಿತವನ್ನೇ ಪಕ್ಕದಲ್ಲಿ ಓಡುತ್ತಿರುವ ಇನ್ನೊಂದು ಪ್ರೋಗ್ರಾಂ ಸಂಕೇತವಾಗಿ ಓದಿಕೊಳ್ಳಬಹುದು. ಇದೇ ಉಪಾಯ ಮುಂದೆ ಜಾಲಕ್ಕೂ ಬಂತು. ಇನ್ನೊಂದು ಯಂತ್ರ ಸ್ಪಂದಿಸುತ್ತಿದೆಯೇ ಎಂದು ಕೇಳುವ ಪಿಂಗ್ ಸಂದೇಶದೊಳಗೆ ಬೇರೆ ಮಾತು ತುಂಬಿಸುವ ತಂತ್ರ 1996ರಲ್ಲಿ ಬಹಿರಂಗವಾಯಿತು. ಜಾಲದಲ್ಲಿ ಡೇಟಾ ಸಾಗಿಸುವ ನಿಯಮಗಳಾದ ಟಿಸಿಪಿ ಮತ್ತು ಐಪಿಯ ಪ್ಯಾಕೆಟ್ಟುಗಳ (ಡೇಟಾದ ಪುಟ್ಟ ಕಟ್ಟುಗಳ) ತಲೆಬರಹದಲ್ಲಿ ಕ್ರಮಸಂಖ್ಯೆಗಾಗಿ ಇಟ್ಟಿರುವ ಜಾಗದಲ್ಲೇ ಅಕ್ಷರಗಳನ್ನು ಅಡಗಿಸಬಹುದೆಂದು ಕ್ರೇಗ್ ರೋಲ್ಯಾಂಡ್ 1997ರಲ್ಲಿ ವಿವರಿಸಿದರು.

ಪಿಂಗ್‌ನ ಉದಾಹರಣೆಯನ್ನೇ ಹತ್ತಿರದಿಂದ ನೋಡೋಣ. ವಿಂಡೋಸ್ ಕಂಪ್ಯೂಟರಿನ ಪಿಂಗ್ ತನ್ನೊಡನೆ 32 ಬೈಟುಗಳ ಪೊಳ್ಳು ಸರಕನ್ನು ಒಯ್ಯುತ್ತದೆ: ಇಂಗ್ಲಿಷ್ ವರ್ಣಮಾಲೆಯ ಎ ಇಂದ ಡಬ್ಲ್ಯೂವರೆಗಿನ 23 ಅಕ್ಷರಗಳು, ಮತ್ತೆ ಮೊದಲಿನಿಂದ ಐವರೆಗಿನ 9 ಅಕ್ಷರಗಳು. ಲಿನಕ್ಸ್‌ನಲ್ಲಿ ಈ ಸರಕು ಸಾಮಾನ್ಯವಾಗಿ 56 ಬೈಟು. ಜಾಲದ ಸಂಚಾರವನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಂಥ ತಂತ್ರಾಂಶದಲ್ಲಿ ತೆರೆದು ನೋಡಿದಾಗ ಈ ಪರಿಚಿತ ಅಕ್ಷರಸಾಲಿನ ಬದಲು ಪ್ರತಿ ಸಲವೂ ಹೊಸದಾದ, 1,000 ಬೈಟನ್ನೂ ಮೀರಿದ ಅರ್ಥವಾಗದ ಸರಕು ಕಂಡುಬಂದರೆ, ಮತ್ತು ಹೋದದ್ದೇ ಮರಳಿ ಬರಬೇಕಾದ ಉತ್ತರದಲ್ಲಿ ಬೇರೆಯೇ ಸರಕು ಇದ್ದರೆ, ಅದನ್ನು ಪಿಂಗ್ ಎಂದು ಕರೆಯಲು ಹೆಸರೊಂದನ್ನು ಬಿಟ್ಟು ಬೇರೆ ಕಾರಣವಿಲ್ಲ.

ಪ್ರಶ್ನೆ: ಡಿಎನ್‌ಎಸ್ ಮೂಲಕ ಡೇಟಾ ಕದಿಯುತ್ತಾರೆ ಎಂದು ಓದಿದೆ. ಹೆಸರು ಕೇಳಿ ವಿಳಾಸ ಪಡೆಯುವ ಅಷ್ಟು ಸರಳ ವ್ಯವಸ್ಥೆಯಲ್ಲಿ ಕಡತಗಳನ್ನು ಹೇಗೆ ಸಾಗಿಸುತ್ತಾರೆ? ಅದನ್ನು ಕಂಡುಹಿಡಿಯುವ ಬಗೆ ಯಾವುದು?

ಉತ್ತರ: ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು, ಏಕೆಂದರೆ ಗುಪ್ತ ಸಾಗಣೆಯ ಗುಣದೋಷಗಳೆಲ್ಲ ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ನಿಮ್ಮ ಕಂಪ್ಯೂಟರ್ ಒಂದು ಡೊಮೇನ್ ಹೆಸರನ್ನು ವಿಚಾರಿಸಿದಾಗ, ಆ ವಿಚಾರಣೆ ಕಚೇರಿಯ ಡಿಎನ್‌ಎಸ್ ಸರ್ವರಿನ ಕೈದಾಟಿ ಕೊನೆಗೆ ಆ ಡೊಮೇನಿನ ಒಡೆಯ ಇಟ್ಟುಕೊಂಡಿರುವ ಸರ್ವರನ್ನು ತಲುಪುತ್ತದೆ. ಕಳ್ಳನೇ ಒಂದು ಡೊಮೇನ್ ಕೊಂಡು, ಅದರ ಎಡಬದಿಗೆ ಕದ್ದ ಮಾಹಿತಿಯ ತುಣುಕನ್ನು ಅಕ್ಷರಗಳಾಗಿ ಬದಲಿಸಿ ಅಂಟಿಸಿದರೆ, ಆ ಹೆಸರಿನ ವಿಳಾಸ ಕೇಳುವುದೇ ತುಣುಕನ್ನು ಅವನ ಮನೆಗೆ ತಲುಪಿಸಿದಂತಾಗುತ್ತದೆ. ಕಂಪ್ಯೂಟರಿಗೆ ಇಂಟರ್‌ನೆಟ್ಟಿನ ನೇರ ಸಂಪರ್ಕವೇ ಇಲ್ಲದಿದ್ದರೂ, ಹೆಸರು ವಿಚಾರಿಸುವ ಅವಕಾಶವೊಂದಿದ್ದರೆ ಸಾಕು.

ಆದರೆ ಈ ದಾರಿ ಬಹಳ ಇಕ್ಕಟ್ಟಿನದು. 1987ರಲ್ಲಿ ರೂಪಿಸಿದ ನಿಯಮದಂತೆ ಹೆಸರಿನಲ್ಲಿ ಎರಡು ಚುಕ್ಕೆಗಳ ನಡುವಿನ ಒಂದು ಭಾಗ 63 ಅಕ್ಷರಗಳನ್ನು ಮೀರುವಂತಿಲ್ಲ, ಇಡೀ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದ ಲೆಕ್ಕಕ್ಕಿಲ್ಲವಾದ್ದರಿಂದ ಹೆಚ್ಚಾಗಿ 32 ಚಿಹ್ನೆಗಳ ಲಿಪಿಯನ್ನೇ ಬಳಸಬೇಕಾಗುತ್ತದೆ, ಅಂದರೆ ಒಂದು ಅಕ್ಷರಕ್ಕೆ 5 ಬಿಟ್ ಮಾತ್ರ ಹಿಡಿಸುತ್ತದೆ. ಒಂದು ವಿಚಾರಣೆಯಲ್ಲಿ 180 ಅಕ್ಷರಗಳನ್ನು ಕಳ್ಳಸರಕಿಗೆ ಮೀಸಲಿಟ್ಟರೂ ಸಾಗುವುದು ಸುಮಾರು 112 ಬೈಟು. 10 ಲಕ್ಷ ಬೈಟುಗಳ ಒಂದು ಚಿಕ್ಕ ಕಡತವನ್ನು ದಾಟಿಸಲು ಹೆಚ್ಚುಕಡಿಮೆ 9,000 ವಿಚಾರಣೆಗಳು ಬೇಕು! ಕಳ್ಳ ಎಷ್ಟೇ ಚಾಣಾಕ್ಷನಾಗಿದ್ದರೂ ಈ ಗಣಿತದಿಂದ ತಪ್ಪಿಸಿಕೊಳ್ಳಲಾರ.

ಇನ್ನೊಂದು ಕಟ್ಟುಪಾಡೂ ಅವನಿಗಿದೆ. ಒಮ್ಮೆ ವಿಚಾರಿಸಿದ ಹೆಸರನ್ನು ಡಿಎನ್‌ಎಸ್ ಸರ್ವರ್ ಕೆಲಕಾಲ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಉತ್ತರಿಸುವುದರಿಂದ, ಅದೇ ಹೆಸರನ್ನು ಮತ್ತೆ ಕೇಳಿದರೆ ವಿಚಾರಣೆ ಕಳ್ಳನವರೆಗೆ ಹೋಗುವುದೇ ಇಲ್ಲ. ಹಾಗಾಗಿ ಪ್ರತಿಯೊಂದು ವಿಚಾರಣೆಯೂ ಹಿಂದೆಂದೂ ಕೇಳದ ಹೊಸ ಹೆಸರಾಗಿರಲೇಬೇಕು. ಡಿಎನ್‌ಎಸ್ ವಿಚಾರಣೆಗಳ ದಾಖಲೆಯಾದ ಲಾಗ್ ತೆರೆದು ಕುಳಿತವರಿಗೆ ಇದು ಕಣ್ಣಿಗೆ ಹೊಡೆಯುತ್ತದೆ: ಸಾಲು ಸಾಲು ನಮೂದುಗಳು, ಬಲಬದಿಯ ಡೊಮೇನ್ ಒಂದೇ, ಎಡಬದಿಯ ಅಕ್ಷರಮಾಲೆ ಮಾತ್ರ ಪ್ರತಿ ಸಾಲಿನಲ್ಲೂ ಬೇರೆ, ಉದ್ದ ಮಾತ್ರ ಎಲ್ಲ ಸಾಲುಗಳಲ್ಲೂ ಒಂದೇ. ಆದ್ದರಿಂದ ಒಂದು ಡೊಮೇನಿನ ಕೆಳಗೆ ದಿನವೊಂದಕ್ಕೆ ಎಷ್ಟು ಭಿನ್ನ ಉಪಹೆಸರುಗಳನ್ನು ವಿಚಾರಿಸಲಾಗಿದೆ ಎಂಬ ಒಂದು ಎಣಿಕೆ, ಹತ್ತು ಜಟಿಲ ಸೂತ್ರಗಳಿಗಿಂತ ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ.

ಅದೇ ಅನುಭವದ ಇನ್ನೊಂದು ಮುಖವನ್ನೂ ಹೇಳಬೇಕು. ನಾನು ಮೊದಲ ಸಲ ಇಂಥ ಎಣಿಕೆ ನಡೆಸಿದಾಗ ಪಟ್ಟಿಯ ತುದಿಯಲ್ಲಿ ನಿಂತ ಡೊಮೇನನ್ನು ಕಂಡು ಕಳ್ಳ ಸಿಕ್ಕಿಬಿದ್ದನೆಂದೇ ಹಿಗ್ಗಿ, ಮೇಲಿನವರಿಗೆ ವರದಿಯನ್ನೂ ಬರೆದುಬಿಟ್ಟಿದ್ದೆ. ವಿಚಾರಿಸಿದಾಗ ಅದು ಅದೇ ಸಂಸ್ಥೆಯ ಆಂಟಿವೈರಸ್ಸಿನ ಡೊಮೇನ್ ಎಂದು ತಿಳಿಯಿತು. ಕಡತಗಳ ಗುರುತುಸಂಖ್ಯೆಯನ್ನು ಹೆಸರಿನೊಳಗೆ ಸೇರಿಸಿ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ತನ್ನ ತಯಾರಕರ ಸರ್ವರಿನಲ್ಲಿ ಕೇಳುತ್ತಿತ್ತು. ಅನಪೇಕ್ಷಿತ ಮೇಲ್ ತಡೆಯುವ ಕಪ್ಪುಪಟ್ಟಿಗಳೂ ಐಪಿ ವಿಳಾಸವನ್ನು ಹಿಂದುಮುಂದಾಗಿ ಬರೆದು ಡಿಎನ್‌ಎಸ್‌ನಲ್ಲೇ ವಿಚಾರಿಸುತ್ತವೆ. ತಂತ್ರ ಒಂದೇ, ಉದ್ದೇಶ ಬೇರೆ. ಇಂಥ ಸಜ್ಜನ ಡೊಮೇನುಗಳ ಪಟ್ಟಿಯನ್ನು ಮೊದಲು ಮಾಡಿಟ್ಟುಕೊಳ್ಳದೆ ಯಾರೂ ಎಚ್ಚರಿಕೆಯ ಗಂಟೆ ಕಟ್ಟಬಾರದು.

ಪ್ರಶ್ನೆ: ಈಗ ಬಹುತೇಕ ಎಲ್ಲ ಸಂಪರ್ಕಗಳೂ ಗೂಢಲಿಪಿಯಲ್ಲಿರುತ್ತವೆ. ಪ್ಯಾಕೆಟ್ಟಿನೊಳಗೆ ಏನಿದೆಯೆಂದೇ ಓದಲಾಗದಿರುವಾಗ ಪತ್ತೆಗೆ ಯಾವ ಆಧಾರ ಉಳಿಯುತ್ತದೆ?

ಉತ್ತರ: ಒಳಗಿನದು ಕಾಣದಿದ್ದರೂ ನಡೆ ಕಾಣುತ್ತದೆ. ಮೊಹರು ಹಾಕಿದ ಲಕೋಟೆಯನ್ನು ಒಡೆಯದೆಯೇ ಅದು ಯಾರಿಗೆ ಹೋಗುತ್ತಿದೆ, ಎಷ್ಟು ಭಾರವಿದೆ, ಎಷ್ಟು ದಿನಕ್ಕೊಮ್ಮೆ ಹೋಗುತ್ತದೆ ಎಂಬುದನ್ನು ಅಂಚೆಯವನು ಬಲ್ಲ. ಯಾವ ಯಂತ್ರ ಯಾವ ಯಂತ್ರದೊಡನೆ, ಯಾವ ಗಳಿಗೆಯಲ್ಲಿ, ಎಷ್ಟು ಹೊತ್ತು ಮಾತಾಡಿತು, ಎಷ್ಟು ಬೈಟು ಹೋಯಿತು, ಎಷ್ಟು ಬಂತು ಎಂಬ ದಾಖಲೆಯನ್ನು ರೂಟರುಗಳು ನೆಟ್‌ಫ್ಲೋ ರೂಪದಲ್ಲಿ ಒದಗಿಸುತ್ತವೆ. 1995ರ ಸುಮಾರಿಗೆ ಬ್ರೋ ಎಂಬ ಹೆಸರಿನಲ್ಲಿ ಹುಟ್ಟಿ 2018ರಲ್ಲಿ ಝೀಕ್ ಎಂದು ಹೆಸರು ಬದಲಿಸಿಕೊಂಡ ಮುಕ್ತ ತಂತ್ರಾಂಶ ಇನ್ನೂ ವಿವರವಾಗಿ ಒದಗಿಸುತ್ತದೆ.

ಇದರಲ್ಲಿ ನೋಡಬೇಕಾದ ಮೊದಲ ಸಂಗತಿ ಕೊಡುಕೊಳ್ಳುವಿಕೆಯ ಅನುಪಾತ. ಕಳುಹಿಸಿದ ಬೈಟುಗಳಿಂದ ಪಡೆದ ಬೈಟುಗಳನ್ನು ಕಳೆದು, ಬಂದ ಸಂಖ್ಯೆಯನ್ನು ಎರಡರ ಮೊತ್ತದಿಂದ ಭಾಗಿಸಿದರೆ ಉತ್ತರ -1 ಮತ್ತು +1ರ ನಡುವೆ ಇರುತ್ತದೆ. ವೆಬ್ ಪುಟ ಓದುವ, ವಿಡಿಯೊ ನೋಡುವ ಕಂಪ್ಯೂಟರ್ ಬಹುಪಾಲು ಪಡೆಯುವುದೇ ಆದ್ದರಿಂದ -1ರ ಕಡೆಗೆ ವಾಲಿರುತ್ತದೆ. ತಿಂಗಳುಗಟ್ಟಲೆ -0.9ರ ಆಸುಪಾಸಿನಲ್ಲಿದ್ದ ಲೆಕ್ಕಪತ್ರ ವಿಭಾಗದ ಯಂತ್ರವೊಂದು ಒಂದು ದಿನ +0.6ಕ್ಕೆ ಜಿಗಿದರೆ, ಅದು ಪಡೆಯುವುದನ್ನು ಬಿಟ್ಟು ಕೊಡಲು ಶುರು ಮಾಡಿದೆ ಎಂದರ್ಥ. ಬ್ಯಾಕಪ್ ತೆಗೆದುಕೊಳ್ಳುತ್ತಿರಬಹುದು, ವಿಡಿಯೊ ಸಭೆಯೂ ಇರಬಹುದು; ಆದರೆ ಎದ್ದು ಹೋಗಿ ಕೇಳುವಷ್ಟು ಕಾರಣ ಸಿಕ್ಕಿತು.

ಎರಡನೆಯದು ತಾಳ. ಕುತಂತ್ರಾಂಶ ತನ್ನ ಒಡೆಯನನ್ನು ಆಗಾಗ ಮಾತಾಡಿಸಿ ಹೊಸ ಅಪ್ಪಣೆ ಇದೆಯೇ ಎಂದು ಕೇಳುತ್ತಿರುತ್ತದೆ. ಹತ್ತು ಗಂಟೆ ಮೂರು ಸೆಕೆಂಡಿಗೆ ಒಂದು ಸಂಪರ್ಕ, ಹತ್ತು ಗಂಟೆ ಐದು ನಿಮಿಷ ನಾಲ್ಕು ಸೆಕೆಂಡಿಗೆ ಇನ್ನೊಂದು, ಹತ್ತು ಗಂಟೆ ಹತ್ತು ನಿಮಿಷ ಎರಡು ಸೆಕೆಂಡಿಗೆ ಮತ್ತೊಂದು, ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಬೈಟು: ಮನುಷ್ಯರು ಹೀಗೆ ವೆಬ್ ನೋಡುವುದಿಲ್ಲ. ನಮ್ಮ ಬಳಕೆ ಮಳೆಯಂತೆ, ಒಮ್ಮೆ ಸುರಿದು ಒಮ್ಮೆ ನಿಲ್ಲುತ್ತದೆ. ಈ ತಾಳ ಎದ್ದು ಕಾಣಬಾರದೆಂದು ಬಿಡುವನ್ನು ಶೇಕಡಾ 20ರಷ್ಟು ಹಿಂದೆಮುಂದೆ ಮಾಡಿದರೂ 300 ಸೆಕೆಂಡಿನ ಬಿಡುವು 240 ಮತ್ತು 360ರ ನಡುವೆಯೇ ಓಡಾಡುತ್ತದೆ. ಒಂದಿಡೀ ದಿನದ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಗುಂಪು ಮರೆಯಾಗುವುದಿಲ್ಲ. ತೊಡಕೆಂದರೆ, ಗಡಿಯಾರ ಸರಿಪಡಿಸಿಕೊಳ್ಳುವ ಸೇವೆ, ಮೇಲ್ ಬಂತೇ ಎಂದು ನೋಡುವ ತಂತ್ರಾಂಶ, ಅಪ್‌ಡೇಟ್ ವಿಚಾರಿಸುವ ನೂರೆಂಟು ಪ್ರೋಗ್ರಾಮುಗಳು ಎಲ್ಲವೂ ಇದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಅದಕ್ಕೇ ಮೂರನೆಯ ಪ್ರಶ್ನೆಯನ್ನು ಜೋಡಿಸಬೇಕು: ಈ ವಿಳಾಸವನ್ನು ನಮ್ಮಲ್ಲಿ ಎಷ್ಟು ಯಂತ್ರಗಳು ಮಾತಾಡಿಸುತ್ತಿವೆ? ಅಪ್‌ಡೇಟ್ ಸರ್ವರನ್ನು ಎಲ್ಲ ಯಂತ್ರಗಳೂ ಮಾತಾಡಿಸುತ್ತವೆ. ಇಡೀ ಸಂಸ್ಥೆಯಲ್ಲಿ ಒಂದೇ ಒಂದು ಯಂತ್ರ, ಕಳೆದ ವಾರವಷ್ಟೇ ನೋಂದಣಿಯಾದ ಡೊಮೇನಿಗೆ, ರಾತ್ರಿಯೂ ಬಿಡದೆ ಕರೆ ಮಾಡುತ್ತಿದ್ದರೆ ಅದರ ಕಥೆ ಬೇರೆ.

ಸಂಪರ್ಕದ ಮೊದಲ ನಮಸ್ಕಾರವೂ ಸುಳಿವು ನೀಡುತ್ತದೆ. ಗೂಢಲಿಪಿಯಲ್ಲಿ ಮಾತಾಡಲು ಬಳಸುವ ಟಿಎಲ್‌ಎಸ್ ವಿಧಾನದ ಸಂಪರ್ಕ ಆರಂಭಿಸುವ ತಂತ್ರಾಂಶವು ತಾನು ಬಲ್ಲ ಗೂಢಲಿಪಿ ವಿಧಾನಗಳ ಪಟ್ಟಿಯನ್ನು ಮುಚ್ಚುಮರೆಯಿಲ್ಲದೆ ಮೊದಲ ಸಂದೇಶದಲ್ಲಿ ಕಳಿಸುತ್ತದೆ. ಈ ಪಟ್ಟಿಯಿಂದ 32 ಅಕ್ಷರಗಳ ಬೆರಳಚ್ಚು ತಯಾರಿಸುವ ಜೆಎ3 ವಿಧಾನ 2017ರಲ್ಲಿ ಬಂತು. ಬ್ರೌಸರ್ ಎಂದು ಹೇಳಿಕೊಳ್ಳುವ ಆದರೆ ಯಾವ ಬ್ರೌಸರಿನ ಬೆರಳಚ್ಚಿಗೂ ಹೊಂದದ ಪ್ರೋಗ್ರಾಮುಗಳನ್ನು ಹಿಡಿಯಲು ಅದು ನೆರವಾಯಿತು. ಕ್ರೋಮ್ ಬ್ರೌಸರ್ 2023ರಲ್ಲಿ ಪಟ್ಟಿಯ ಒಂದು ಭಾಗದ ಕ್ರಮವನ್ನು ಪ್ರತಿ ಸಲವೂ ಕಲಸತೊಡಗಿದ ಮೇಲೆ ಹಳೆಯ ಬೆರಳಚ್ಚು ನಿಲ್ಲದಾಯಿತು, ಆದ್ದರಿಂದ ಪಟ್ಟಿಯನ್ನು ಮೊದಲು ವಿಂಗಡಿಸಿಕೊಂಡು ಲೆಕ್ಕ ಹಾಕುವ ಜೆಎ4 ಅದೇ ವರ್ಷ ಬಂತು. ಇದನ್ನು ಪೂರಕ ಸಾಕ್ಷಿಯೆಂದು ಮಾತ್ರ ಪರಿಗಣಿಸಬೇಕು, ಏಕೆಂದರೆ ಬ್ರೌಸರಿನ ಬೆರಳಚ್ಚನ್ನು ನಕಲು ಮಾಡುವುದು ಕಷ್ಟವಲ್ಲ.

ಗೂಢಲಿಪಿಯನ್ನು ಬಿಡಿಸಿಯೇ ನೋಡುವ ಮಧ್ಯಸ್ಥ ಯಂತ್ರಗಳೂ ಇವೆ. ಅವನ್ನು ನಾನು ಸುಲಭವಾಗಿ ಶಿಫಾರಸು ಮಾಡಲಾರೆ. ನೌಕರರ ಬ್ಯಾಂಕ್ ವ್ಯವಹಾರ, ವೈದ್ಯರೊಡನೆ ನಡೆಸಿದ ಮಾತುಕತೆ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಿಚ್ಚಿಕೊಳ್ಳುವುದರಿಂದ, ಆ ಪೆಟ್ಟಿಗೆಯೇ ಕಳ್ಳರಿಗೆ ಎಲ್ಲಕ್ಕಿಂತ ದೊಡ್ಡ ಆಮಿಷವಾಗುತ್ತದೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿನಿ. ಎಂಟ್ರೊಪಿ ಅಳೆದು ಗುಪ್ತ ಸಾಗಣೆಯನ್ನು ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ನನ್ನ ಮಾದರಿ ಶೇಕಡಾ 99.9ರಷ್ಟು ನಿಖರವಾಗಿದೆ. ಇದನ್ನು ನಿಜವಾದ ಜಾಲದಲ್ಲಿ ಬಳಸಬಹುದೇ?

ಉತ್ತರ: ನಿಮ್ಮ ಶ್ರಮಕ್ಕೆ ಅಭಿನಂದನೆ, ಆದರೆ ಎರಡು ಕಡೆ ಎಡವುವ ಸಾಧ್ಯತೆಯಿದೆ. ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಎಂಟ್ರೊಪಿಯ ಅಳತೆಯು ಅಕ್ಷರಗಳ ಹಂಚಿಕೆ ಎಷ್ಟು ಗೊತ್ತುಗುರಿಯಿಲ್ಲದ್ದು ಎಂಬುದನ್ನು ಹೇಳುತ್ತದೆ, ನಿಜ. ಆದರೆ ಅಕ್ಷರಸಾಲು ಚಿಕ್ಕದಾದಷ್ಟೂ ಆ ಅಳತೆ ತಾನಾಗಿಯೇ ಕುಗ್ಗುತ್ತದೆ. 8 ಅಕ್ಷರಗಳ ಹೆಸರಿನಲ್ಲಿ ಎಲ್ಲ ಅಕ್ಷರಗಳೂ ಬೇರೆಬೇರೆಯಾಗಿದ್ದರೂ ಅಕ್ಷರವೊಂದಕ್ಕೆ 3 ಬಿಟ್ ದಾಟುವುದಿಲ್ಲ, 16 ಅಕ್ಷರಗಳಿದ್ದರೆ 4 ಬಿಟ್ ದಾಟುವುದಿಲ್ಲ. ಇನ್ನು ಕದ್ದ ಡೇಟಾವನ್ನು 16 ಚಿಹ್ನೆಗಳ ಹೆಕ್ಸ್ ರೂಪದಲ್ಲಿ ಬರೆದರೆ ಸಾಲು ಎಷ್ಟೇ ಉದ್ದವಾಗಿರಲಿ, 4 ಬಿಟ್ಟೇ ಮಿತಿ. ಸಾಮಾನ್ಯ ಇಂಗ್ಲಿಷ್ ಬರಹದ ಅಕ್ಷರ ಎಂಟ್ರೊಪಿಯೇ ಅದಕ್ಕಿಂತ ತುಸು ಹೆಚ್ಚು. ಅಂದರೆ ಎಂಟ್ರೊಪಿ ಹೆಚ್ಚಿದ್ದರೆ ಕಳ್ಳ ಎಂಬ ಒಂದೇ ಗೆರೆ ಎಳೆದರೆ, ಹೆಕ್ಸ್ ಬಳಸಿದವನು ಆ ಗೆರೆಯ ಕೆಳಗೆ ನುಸುಳಿ ಹೋಗುತ್ತಾನೆ. ಗೂಢಲಿಪಿಯ ಸಂಪರ್ಕದಲ್ಲಂತೂ ಸಜ್ಜನರ ಸರಕೂ ಕಳ್ಳರ ಸರಕೂ ಬೈಟಿಗೆ 8 ಬಿಟ್ಟಿನ ಹತ್ತಿರವೇ ಇರುವುದರಿಂದ ಈ ಅಳತೆ ಏನನ್ನೂ ಬೇರ್ಪಡಿಸುವುದಿಲ್ಲ.

ಎರಡನೆಯದು ಆ 99.9ರ ವಿಷಯ. ದಿನಕ್ಕೆ 10 ಲಕ್ಷ ಸಂಪರ್ಕಗಳಿರುವ ಜಾಲದಲ್ಲಿ 10 ಮಾತ್ರ ಕೆಟ್ಟವು ಎಂದಿಟ್ಟುಕೊಳ್ಳಿ. ನಿಮ್ಮ ಮಾದರಿ ಆ ಹತ್ತನ್ನೂ ಹಿಡಿಯಿತು, ಒಳ್ಳೆಯವುಗಳಲ್ಲಿ ಸಾವಿರಕ್ಕೆ ಒಂದನ್ನು ಮಾತ್ರ ತಪ್ಪಾಗಿ ಹಿಡಿಯಿತು ಎನ್ನಿ. ಎಚ್ಚರಿಕೆಗಳು 1,010, ಅವುಗಳಲ್ಲಿ ನಿಜವಾದವು 10. ನೂರೊಂದು ಸಲ ಎದ್ದು ಓಡಿದರೆ ಒಮ್ಮೆ ಕಳ್ಳ ಸಿಗುತ್ತಾನೆ. ಈ ತೊಡಕನ್ನು ಸ್ಟೀಫನ್ ಆಕ್ಸೆಲ್‌ಸನ್ 1999ರಲ್ಲೇ ಎತ್ತಿ ತೋರಿಸಿದ್ದರು, ಇಂದಿಗೂ ಪ್ರಾಜೆಕ್ಟ್ ವರದಿಗಳಲ್ಲಿ ಅದನ್ನು ಕಡೆಗಣಿಸುವುದೇ ಹೆಚ್ಚು. ಸುಳ್ಳು ಎಚ್ಚರಿಕೆಗಳಿಂದ ಬೇಸತ್ತವರು ನಿಜವಾದದ್ದನ್ನೂ ನೋಡದೆ ಬಿಡುತ್ತಾರೆ. ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ 2013ರಲ್ಲಿ ಸುಮಾರು 4 ಕೋಟಿ ಕಾರ್ಡುಗಳ ವಿವರ ಕಳುವಾದಾಗ ಅಲ್ಲಿನ ಪತ್ತೆ ವ್ಯವಸ್ಥೆ ಎಚ್ಚರಿಕೆ ಕೊಟ್ಟಿತ್ತು. ಅದರ ಮೇಲೆ ಸಕಾಲದಲ್ಲಿ ಕ್ರಮ ಜರುಗಲಿಲ್ಲ. ನಿಮ್ಮ ವರದಿಯಲ್ಲಿ ನಿಖರತೆಯ ಶೇಕಡಾವಾರಿನ ಬದಲು, ದಿನವೊಂದಕ್ಕೆ ಒಬ್ಬ ಮನುಷ್ಯ ಎಷ್ಟು ಎಚ್ಚರಿಕೆ ಪರಿಶೀಲಿಸಬೇಕಾಗುತ್ತದೆ ಎಂಬ ಸಂಖ್ಯೆಯನ್ನು ಬರೆಯಿರಿ. ಪರೀಕ್ಷಕರಿಗೆ ಅದು ಹೆಚ್ಚು ಹಿಡಿಸದಿರಬಹುದು, ಕೆಲಸ ಮಾಡುವವರಿಗೆ ಹಿಡಿಸುತ್ತದೆ.

ಪ್ರಶ್ನೆ: ಚಿತ್ರಗಳೊಳಗೆ ಡೇಟಾ ಅಡಗಿಸಿ ಕಳಿಸಿದರೆ ಜಾಲದಲ್ಲಿ ಗೊತ್ತಾಗುತ್ತದೆಯೇ?

ಉತ್ತರ: ಚಿತ್ರವನ್ನು ನೋಡಿ ಗೊತ್ತಾಗುವುದು ಅಪರೂಪ. ಸಂದೇಶ ಕಳಿಸುವ ಅನೇಕ ಸೇವೆಗಳು ಚಿತ್ರವನ್ನು ಮತ್ತೆ ಕುಗ್ಗಿಸುವುದರಿಂದ ಅಡಗಿಸಿದ್ದು ಹೆಚ್ಚಾಗಿ ಅಲ್ಲೇ ಅಳಿಸಿಹೋಗುತ್ತದೆ ಎಂಬುದಷ್ಟೇ ಸಮಾಧಾನ. ಪತ್ತೆಗೆ ಇಲ್ಲೂ ನಡೆಯೇ ಆಧಾರ: ಚಿತ್ರಗಳೊಡನೆ ಯಾವ ಸಂಬಂಧವೂ ಇಲ್ಲದ ಡೇಟಾಬೇಸ್ ಸರ್ವರ್ ಚಿತ್ರ ಕಳಿಸುವುದೇಕೆ?

ಪ್ರಶ್ನೆ: ಕಳ್ಳ ಅವಸರಪಡದೆ ದಿನಕ್ಕೆ ಒಂದಿಷ್ಟೇ ಕದ್ದರೆ ಈ ಎಣಿಕೆ, ಅನುಪಾತಗಳೆಲ್ಲ ವ್ಯರ್ಥವಲ್ಲವೇ? ಹೆಚ್ಚು ಹಣವಿಲ್ಲದ ಸಣ್ಣ ಸಂಸ್ಥೆಯ ಜಾಲ ನೋಡಿಕೊಳ್ಳುವ ನಾನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. 2020ರ ಡಿಸೆಂಬರಿನಲ್ಲಿ ಬೆಳಕಿಗೆ ಬಂದ ಸೋಲಾರ್‌ವಿಂಡ್ಸ್ ಪ್ರಕರಣದಲ್ಲಿ, ಜಾಲ ನಿರ್ವಹಣೆಯ ತಂತ್ರಾಂಶವೊಂದರ ಅಪ್‌ಡೇಟ್‌ನೊಳಗೇ ಸೇರಿಕೊಂಡ ಕುತಂತ್ರಾಂಶ ಸುಮಾರು 18,000 ಗ್ರಾಹಕರನ್ನು ತಲುಪಿತ್ತು. ಅದು ಎರಡು ವಾರಗಳವರೆಗೆ ಏನೂ ಮಾಡದೆ ಸುಮ್ಮನಿದ್ದು, ಬಳಿಕ ತಾನಿರುವ ಸಂಸ್ಥೆಯ ಹೆಸರನ್ನು ಡಿಎನ್‌ಎಸ್ ಉಪಹೆಸರಿನೊಳಗೆ ಅಡಗಿಸಿ ಒಡೆಯನಿಗೆ ತಿಳಿಸುತ್ತಿತ್ತು. ಮುಂದಿನ ಮಾತುಕತೆಯನ್ನು ಅದೇ ತಂತ್ರಾಂಶದ ಸಹಜ ಸಂದೇಶಗಳ ವೇಷದಲ್ಲಿ ನಡೆಸುತ್ತಿತ್ತು. ಅದನ್ನು ಮೊದಲು ಬಯಲಿಗೆಳೆದ ಭದ್ರತಾ ಸಂಸ್ಥೆ ಫೈರ್‌ಐಗೆ ಅನುಮಾನ ಹುಟ್ಟಿದ್ದು ಪ್ಯಾಕೆಟ್ಟುಗಳಿಂದಲ್ಲ, ತನ್ನದೇ ನೌಕರರೊಬ್ಬರ ಖಾತೆಗೆ ಅಪರಿಚಿತ ಸಾಧನವೊಂದು ನೋಂದಣಿಯಾದದ್ದರಿಂದ. ಜಾಲದ ಮೇಲಿನ ಕಣ್ಣೊಂದನ್ನೇ ನಂಬಿ ಕೂರಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಹಣವಿಲ್ಲದವರು ಕಣ್ಣು ಹೆಚ್ಚಿಸುವ ಮೊದಲು ಬಾಗಿಲು ಕಡಿಮೆ ಮಾಡಬೇಕು. ಒಳಗಿನ ಯಂತ್ರಗಳೆಲ್ಲ ನಿಮ್ಮದೇ ಡಿಎನ್‌ಎಸ್ ಸರ್ವರನ್ನು ಮಾತ್ರ ಕೇಳುವಂತೆ ಮಾಡಿ, ಡಿಎನ್‌ಎಸ್‌ಗೆ ಬಳಕೆಯಾಗುವ 53 ಮತ್ತು 853ನೇ ಪೋರ್ಟುಗಳಲ್ಲಿ ಬೇರಾರೂ ಹೊರಗೆ ಹೋಗದಂತೆ ಫೈರ್‌ವಾಲಿನಲ್ಲಿ ತಡೆಯಿರಿ. 2018ರಲ್ಲಿ ಮಾನಕವಾದ, ಡಿಎನ್‌ಎಸ್ ವಿಚಾರಣೆಯನ್ನು ವೆಬ್ ಸಂಪರ್ಕದೊಳಗೇ ಮುಚ್ಚಿ ಕಳಿಸುವ ವಿಧಾನವನ್ನು ಕಚೇರಿಯ ಬ್ರೌಸರುಗಳಲ್ಲಿ ನಿಲ್ಲಿಸಿ. ಮನೆಯಲ್ಲಿ ಖಾಸಗಿತನಕ್ಕೆ ಅದು ಒಳ್ಳೆಯದೇ, ಆದರೆ ಕಚೇರಿಯಲ್ಲಿ ನಿಮ್ಮ ಲಾಗನ್ನು ಕುರುಡಾಗಿಸುತ್ತದೆ. ಸರ್ವರುಗಳಿಗೆ ಹೊರಗಿನ ಸಂಪರ್ಕವೇ ಇರಬಾರದು. ಅಪ್‌ಡೇಟ್‌ಗೆ ಬೇಕಾದ ನಾಲ್ಕಾರು ವಿಳಾಸಗಳಿಗೆ ಮಾತ್ರ ಅನುಮತಿ ಕೊಟ್ಟು ಉಳಿದದ್ದನ್ನು ಮುಚ್ಚಿಬಿಡಿ. ಹೀಗೆ ಮಾಡಿದ ಮೇಲೆ ನಿರಾಕರಣೆಯ ಲಾಗೇ ನಿಮ್ಮ ಅತಿ ಅಗ್ಗದ ಪತ್ತೆದಾರನಾಗುತ್ತದೆ: ಹೊರಗೆ ಹೋಗಬೇಕಾಗಿಯೇ ಇಲ್ಲದ ಯಂತ್ರ ಹೊರಗೆ ಹೋಗಲು ಬಾಗಿಲು ತಟ್ಟಿದ್ದು ಅಲ್ಲಿ ಬರೆದಿರುತ್ತದೆ.

ಆಮೇಲೆ ಒಂದು ಹಳೆಯ ಕಂಪ್ಯೂಟರಿನಲ್ಲಿ ಝೀಕ್ ಅಳವಡಿಸಿ, ಹೊರಹೋಗುವ ಎಲ್ಲ ಸಂಚಾರವನ್ನು ಸ್ವಿಚ್ಚಿನ ನಕಲು ಪೋರ್ಟಿನ (ಸಂಚಾರದ ಪ್ರತಿಯನ್ನು ಕೊಡುವ ಕಿಂಡಿಯ) ಮೂಲಕ ಅದಕ್ಕೆ ತೋರಿಸಿ. ಮೊದಲ ತಿಂಗಳು ಯಾವ ಎಚ್ಚರಿಕೆಯನ್ನೂ ಕಟ್ಟಬೇಡಿ. ಪ್ರತಿದಿನ ಬೆಳಿಗ್ಗೆ ಅತಿ ಹೆಚ್ಚು ಬೈಟು ಹೊರಗೆ ಕಳಿಸಿದ ಹತ್ತು ಯಂತ್ರಗಳ ಹೆಸರನ್ನು ಮಾತ್ರ ಓದಿ, ಪ್ರತಿಯೊಂದಕ್ಕೂ ಕಾರಣ ಹುಡುಕಿ ಬರೆದಿಡಿ. ಎರಡನೆಯ ವಾರದ ಹೊತ್ತಿಗೆ ಆ ಹತ್ತರಲ್ಲಿ ಎಂಟು ಹೆಸರುಗಳು ನಿಮಗೆ ಬಾಯಿಪಾಠವಾಗಿರುತ್ತವೆ, ಒಂಬತ್ತನೆಯದಾಗಿ ಹೊಸ ಹೆಸರೊಂದು ಬಂದ ದಿನ ನಿಮಗೆ ಯಾವ ಸೂತ್ರವೂ ಬೇಕಾಗುವುದಿಲ್ಲ.